ಮೂರನೇ ಸ್ಟ್ಯಾಂಡಿನ ದೃಷ್ಟಿ

ಆದಿಲಕ್ಷ್ಮಮ್ಮನ ಹುಳುಮನೆಯೊಳಕ್ಕೆ ಹೋಗುವುದಕ್ಕಿಂತ ವಿಧಾನಸೌಧದೊಳಕ್ಕೆ ಹೋಗುವುದು ಸಲೀಸು. ಅಲ್ಲಿ ಪರಿಚಯದವರೊಬ್ಬರಿದ್ದರೆ ಬಿಡುತ್ತಾರೆ, ಇಲ್ಲಿ ಕಟ್ಟಿಕೊಂಡ ಗಂಡನನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ದಪ್ಪನೆಯ ಸುಣ್ಣದ ಗೆರೆ, ಗೆರೆ ದಾಟಿದರೆ ಕಾಲು ಅದ್ದಲು ಬ್ಲೀಚಿಂಗ್ ನೀರಿನ ತಟ್ಟೆ, ಅದರ ಪಕ್ಕ ಕೈ ತೊಳೆಯಲು ಬಕೆಟ್ಟು. ಬೀಡಿ ಸೇದಿದವರು, ಪೌಡರ್ ಬಳಿದವರು, ತಲೆಗೆ ಘಮಘಮ ಎಣ್ಣೆ ಹಚ್ಚಿದವರು ಯಾರೂ ಒಳಗೆ ಬರಕೂಡದು. ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳ ಮೇಯಿಸುವ ಮನೆಗಳು ಎಷ್ಟಿದ್ದರೂ ಇಂಥ ಕಟ್ಟುನಿಟ್ಟಿನದು ಇನ್ನೊಂದಿಲ್ಲವೆಂದು ಅವಳ ಗಂಡ ಕೋನಪ್ಪ ಕುಂಟೆಹಳ್ಳಿಯ ಅರಳಿಕಟ್ಟೆಯಲ್ಲಿ ಕೂತು ಹೇಳುತ್ತಿದ್ದ. ಹೆಮ್ಮೆಯಿಂದ ಹೇಳುತ್ತಿದ್ದನೋ ಹೊಟ್ಟೆ ಉರಿದು ಹೇಳುತ್ತಿದ್ದನೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಅವನಿಗೂ ತಿಳಿದಿರಲಿಲ್ಲ ಬಿಡಿ.

ಅಂಥ ಹುಳುಮನೆ ಒಂದು ದಿನದ ಮಟ್ಟಿಗೆ ಕೋನಪ್ಪನ ಕೈಗೆ ಬಂದಿದ್ದೇ ಎಲ್ಲ ಎಡವಟ್ಟಿಗೂ ಮೂಲ.

ಆವತ್ತು ಶುಕ್ರವಾರ. ಗೌರಿಬಿದನೂರಿನಲ್ಲಿ ಆದಿಲಕ್ಷ್ಮಮ್ಮನ ತಂಗಿಯ ಮೊಮ್ಮಗನಿಗೆ ನಾಮಕರಣ. ಮಗ ಕನಕರಾಜನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ, ಶನಿವಾರಕ್ಕಲ್ಲದೆ ಊರಿಗೆ ಬರುವವನಲ್ಲ. ಸೊಸೆ ಗೌತಮಿ ಏಳು ತಿಂಗಳ ಬಸುರಿ. ಹುಳಗಳು ಮೂರನೇ ಜ್ವರ ಎದ್ದು, ಅಂದರೆ ಮೂರನೇ ಸಲ ಪೊರೆ ಕಳಚಿ, ಹಸಿವಿಗೆ ತಲೆ ಎತ್ತಿದ್ದವು. ಬೇರೆ ದಾರಿ ಇಲ್ಲದೆ ಆದಿಲಕ್ಷ್ಮಮ್ಮ ಗಂಡನನ್ನು ಕರೆದು ಒಂದು ಗಂಟೆ ಪಾಠ ಹೇಳಿ ಬಸ್ಸು ಹತ್ತಿದಳು.

ಕೋನಪ್ಪ ಹೇಳಿದ್ದನ್ನೆಲ್ಲ ಮಾಡಿದ. ಕಾಲು ಅದ್ದಿದ, ಕೈ ತೊಳೆದ, ಅಂತಸ್ತು ಅಂತಸ್ತಾಗಿ ಹುಳ ಹರವಿದ್ದ ಐದೂ ಸ್ಟ್ಯಾಂಡಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದ. ಮಧ್ಯಾಹ್ನ ಮುದ್ದೆ ಉಂಡ ಮೇಲೆ ನೋಡಿದರೆ ಊರಲ್ಲೆಲ್ಲ ಬಿಸಿಲು, ಹುಳುಮನೆಯೊಳಗೆ ಮಾತ್ರ ಹಸಿ ಗೋಣಿತಾಟು ಕಟ್ಟಿ ತಂಪೋ ತಂಪು. ಒಂದು ಹತ್ತು ನಿಮಿಷ ಎಂದು ಮೂರನೇ ಸ್ಟ್ಯಾಂಡಿನ ಪಕ್ಕ ಚಾಪೆ ಹಾಸಿ ಮಲಗಿದ. ಗೋಣಿತಾಟಿನ ತೇವಕ್ಕೆ ಸೊಳ್ಳೆಗಳೂ ಬಂದಿದ್ದವು. ನಾಲ್ಕೈದು ಕಚ್ಚಿದವು. ಕೋನಪ್ಪ ಎದ್ದು, ಮನೆಗೆ ಹೋಗಿ, ಸೊಳ್ಳೆ ಬತ್ತಿ ತಂದು, ಮತ್ತೆ ಕಾಲನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ (ಅದೊಂದು ಮರೆಯಲಿಲ್ಲ ಮಹಾರಾಯ), ಬತ್ತಿಯನ್ನು ಸ್ಟ್ಯಾಂಡಿನ ಕೆಳಗೇ ಹಚ್ಚಿಟ್ಟು ಗೊರಕೆ ಹೊಡೆದ.

ಎಚ್ಚರವಾದಾಗ ಕೆಳಗಿನ ಅಂತಸ್ತಿನ ಹುಳಗಳೆಲ್ಲ ತಲೆಯನ್ನು ಮೇಲೆತ್ತಿ ಆಡಿಸುತ್ತ ಹಸಿರು ಹಸಿರಾಗಿ ಕಕ್ಕುತ್ತಿದ್ದವು. ಒಂದು ಗಳಿಗೆಯಲ್ಲಿ ಎರಡು ಮಾರು ಉದ್ದಕ್ಕೂ ಹರಡಿದ್ದ ಹುಳಗಳು ಅಲ್ಲಾಡದೆ ಬಿದ್ದವು. ಸೊಳ್ಳೆ ಕೊಲ್ಲುವ ಹೊಗೆ ಹುಳವನ್ನೂ ಕೊಲ್ಲುತ್ತದೆಂದು ಆ ಊರಿನ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಕೋನಪ್ಪನಿಗೂ ಗೊತ್ತಿತ್ತು. ನಿದ್ದೆಗಣ್ಣಲ್ಲಿ ಗೊತ್ತಿರಲಿಲ್ಲ ಅಷ್ಟೆ.

ಸತ್ತವನ್ನೆಲ್ಲ ಗೋರಿ ತಿಪ್ಪೆಯಲ್ಲಿ ಹೂತ. ಆಮೇಲೆ ಬೈಕು ಹತ್ತಿ ಪಕ್ಕದ ಊರಿನ ಗೆಳೆಯ ಗಂಗುಲಪ್ಪನ ಮನೆಗೆ ಓಡಿದ. ಗಂಗುಲಪ್ಪನ ಮನೆಯಲ್ಲೂ ಅದೇ ಪ್ರಾಯದ ಹುಳ. ಸೊಪ್ಪು ಸಾಲದೆ ಮಿಕ್ಕ ಹುಳ ಏನು ಮಾಡುವುದೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ತಗೊಂಡೋಗೋ ಮಾರಾಯ, ಬಿಸಾಕೋ ಬದ್ಲು ನಿನಗಾದ್ರೂ ಆಗ್ಲಿ," ಎಂದು ಎರಡು ಬಿದಿರು ತಟ್ಟೆ ತುಂಬ ಕೊಟ್ಟ. "ಮೊಟ್ಟೆ ಯಾವ್ದೋ ಏಜೆಂಟ್ ತಂದ್ಕೊಟ್ಟ. ರಸೀದಿ ಗಿಸೀದಿ ಏನಿಲ್ಲ, ಆದ್ರೆ ಹುಳ ಬಂಗಾರ ಕಣೋ."

ಕೋನಪ್ಪ ಅವನ್ನು ತಂದು ಮೂರನೇ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಹರವಿ, ಮೇಲೆ ಸೊಪ್ಪು ಮುಚ್ಚಿದ. ಸಂಜೆ ಬಂದ ಆದಿಲಕ್ಷ್ಮಮ್ಮ ಐದೂ ಸ್ಟ್ಯಾಂಡು ಸುತ್ತಿ ನೋಡಿ, "ಪರವಾಗಿಲ್ವೇ, ನಿಮ್ಮ ಕೈಲೂ ಒಂದು ಕೆಲ್ಸ ಆಯ್ತು," ಎಂದಳು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ. ಕೋನಪ್ಪನಿಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮಂಗಳವಾರ ಚಿಂತಾಮಣಿಯಿಂದ ಬೀಗಿತಿ ವರಲಕ್ಷ್ಮಮ್ಮ ಒಂದು ಬುಟ್ಟಿ ಹಣ್ಣು ಹಿಡಿದು ಬಂದಳು. ಗೌತಮಿಯ ತಾಯಿ ಆಕೆ. ಬರುವ ವಾರ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ, ಅದಾದ ಮೇಲೆ ತಾಯಿ ಮನೆಗೆ ಬಾಣಂತನಕ್ಕೆ ಕರೆದೊಯ್ಯಬೇಕು, ಅದರ ಮಾತುಕತೆಗೆ ಬಂದಿದ್ದಳು. ಊಟ ಆದ ಮೇಲೆ ಹಿತ್ತಲಿಗೆ ಹೋದವಳು ಹುಳುಮನೆಯ ಬಾಗಿಲು ತೆರೆದಿದ್ದು ಕಂಡು ಸುಣ್ಣದ ಗೆರೆಯ ಈಚೆಯೇ ನಿಂತು ಇಣುಕಿದಳು.

"ಅಬ್ಬಬ್ಬಬ್ಬಾ! ಎಂತ ಬಾಗುನ್ನಾಯಿ ವದಿನಾ, ಎಷ್ಟು ಚೆನ್ನಾಗವೆ ಅತ್ತಿಗೆ! ಒಂದೊಂದೂ ನನ್ನ ಕಿರುಬೆರಳಷ್ಟವೆ. ಇಂಥ ಹುಳ ನಮ್ಮ ಕಡೆ ನಾನು ಕಂಡೇ ಇಲ್ಲ."

ಹೇಳಿದ್ದು ಅಷ್ಟೇ. ಹೊಗಳಿದವರು ದೃಷ್ಟಿಯಾಗದಿರಲಿ ಎಂದು ಪಕ್ಕಕ್ಕೆ ತಿರುಗಿ ಥೂ ಥೂ ಎನ್ನಬೇಕು. ವರಲಕ್ಷ್ಮಮ್ಮನ ಬಾಯಲ್ಲಿ ಎಲೆಯಡಿಕೆ ತುಂಬಿತ್ತು, ಬೀಗರ ಮನೆಯಲ್ಲಿ ಉಗುಳುವುದು ಹೇಗೆಂದು ಸುಮ್ಮನಾದಳು. ಮರ್ಯಾದೆ ನೋಡಿಕೊಂಡಿದ್ದೇ ಅವಳ ಕುತ್ತಿಗೆಗೆ ಬಂತು.

ಗುರುವಾರ ಹುಳ ನಾಲ್ಕನೇ ಜ್ವರದಿಂದ ಏಳಬೇಕಿತ್ತು. ನಾಲ್ಕು ಸ್ಟ್ಯಾಂಡಿನವು ಎದ್ದವು. ಮೂರನೆಯದರಲ್ಲಿ ಅರ್ಧ ಎದ್ದವು, ಅರ್ಧ ಮಲಗೇ ಇದ್ದವು. ಒಂದು ಬೆರಳುದ್ದ, ಅದರ ಪಕ್ಕದ್ದು ಅಕ್ಕಿಕಾಳುದ್ದ. ಕೆಲವದರ ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರೀ ಚುಕ್ಕೆ.

"ನೋಡ್ರೀ! ನೋಡಿದ್ರಾ!" ಆದಿಲಕ್ಷ್ಮಮ್ಮ ಅಂಗಳಕ್ಕೆ ಬಂದು ತಲೆ ಮೇಲೆ ಕೈ ಹೊತ್ತಳು. "ಮಂಗಳವಾರ ಬಂದು ಕಣ್ಣು ಹಾಕ್ಹೋದ್ಲು. ಥೂ ಅನ್ಲಿಲ್ಲ, ಒಂದು ಮಾತು ಅನ್ಲಿಲ್ಲ! ನಾನವತ್ತೇ ಅಂದ್ಕೊಂಡೆ."

ಕೋನಪ್ಪ ಹುಳುಮನೆಯ ಕಡೆ ನೋಡದೆ "ಇರ್ಬೋದೇನೋ," ಎಂದ. ಥೂ ನಿನ್ನ! ಅಂದವನು ಅಂದುಬಿಟ್ಟ.

ಸಂಜೆ ದೃಷ್ಟಿ ತೆಗೆಯುವ ಕಾರ್ಯಕ್ರಮ. ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆ ಕಡ್ಡಿ, ವರಲಕ್ಷ್ಮಮ್ಮ ನಿಂತಿದ್ದ ಜಾಗದ ಒಂದು ಹಿಡಿ ಮಣ್ಣು. ಆದರೆ ಮೆಣಸಿನಕಾಯಿ ಹೊಗೆ ಹುಳುಮನೆಗೆ ತಗಲಕೂಡದಲ್ಲ! ಆದಿಲಕ್ಷ್ಮಮ್ಮ ಮಣ್ಣು ತೂರಿ ಗಾಳಿ ಯಾವ ಕಡೆಗೆಂದು ನೋಡಿದಳು. ಗೇಟಿನಾಚೆ ಕೆಂಡ ಇಡಿಸಿದಳು. ಹುಳುಮನೆಗೆ ಮೂರು ಸಲ ನಿವಾಳಿಸಿ ತಂದು ಕೆಂಡಕ್ಕೆ ಸುರಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿ ಬಲವಾಗಿದೆ ಎಂದು ಲೆಕ್ಕ.

ಗಂಡ ಹೆಂಡತಿ ಇಬ್ಬರೂ ಮೂಗರಳಿಸಿ ನಿಂತರು. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ.

"ಘಾಟೇ ಇಲ್ಲ ನೋಡ್ರೀ! ಎಂಟು ಮೆಣಸಿನಕಾಯಿ! ಬ್ಯಾಡಗಿ ಅಲ್ಲ, ಗುಂಟೂರು! ಎಂಥಾ ಕಣ್ಣಿರ್ಬೇಕು ಆಯಮ್ಮಂದು!"

ಆಚೆ ಹೊಲದಲ್ಲಿ ಟೊಮೆಟೊ ಕೀಳುತ್ತಿದ್ದ ನಾಲ್ಕು ಜನ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತ "ಯಾರ್ರೀ ಅದು, ನಿಮ್ಮ ಮನೆ ಹಾಳಾಗ" ಎಂದು ಕೂಗುತ್ತಿದ್ದರು. ಗಾಳಿ ಆ ಕಡೆಗೆಂದು ಆದಿಲಕ್ಷ್ಮಮ್ಮನೇ ನೋಡಿ ಇಟ್ಟಿದ್ದಲ್ಲವೇ? ಕೋನಪ್ಪ ಅದನ್ನು ಹೇಳಬಹುದಿತ್ತು. ಕೊನೆಗೆ ಸುಳ್ಳಿಗಾದರೂ ಒಂದು ಸಲ ಕೆಮ್ಮಬಹುದಿತ್ತು. ಕೆಮ್ಮಲಿಲ್ಲ.

ಅಲ್ಲೇ ನಿಂತು ಆದಿಲಕ್ಷ್ಮಮ್ಮ ಫೋನು ತೆಗೆದಳು. "ವರಲಕ್ಷ್ಮಮ್ನೋರೇ," ಎಂದಳು. ವದಿನ ಹೋಗಿ ವರಲಕ್ಷ್ಮಮ್ನೋರು ಆಗಿತ್ತು. "ಬಳೆ ಶಾಸ್ತ್ರಕ್ಕೆ ನೀವು ಬರೋದು ಬೇಡ. ನಾವೇ ಮಾಡ್ಕೋತೀವಿ. ನಿಮ್ಮ ಕಣ್ಣು ಬಿದ್ದ ಹುಳ ಏನಾಗವೆ ಅಂತ ಬಂದು ನೋಡಂಗಿದ್ರೆ... ಅಯ್ಯೋ ಬೇಡ ತಾಯೀ, ಇನ್ನೊಂದ್ಸಲ ನೋಡ್ಬೇಡಿ."

ಒಳಗಿನಿಂದ ಇದನ್ನು ಕೇಳಿದ ಗೌತಮಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿ ಮುದ್ದೆ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ಕೋನಪ್ಪನಿಗೆ ದಿನಾ ಬೆಳಗ್ಗೆ ಅತ್ತೆಯ ಕಣ್ಣು ತಪ್ಪಿಸಿ ಅರ್ಧ ಚಮಚ ಸಕ್ಕರೆ ಹಾಕಿ ಕಾಫಿ ಕೊಡುತ್ತಿದ್ದವಳು ಅವಳು. ಶುಕ್ರವಾರ ಬೆಳಗ್ಗೆಯೂ ತಂದುಕೊಟ್ಟಳು. ಕಣ್ಣು ಊದಿಕೊಂಡಿತ್ತು. "ಕುಡೀರಿ ಮಾವಾ," ಎಂದಳು. ಕೋನಪ್ಪನಿಗೆ ಆ ಕಾಫಿ ಬೇವಿನ ರಸ ಕುಡಿದಂತಾಯಿತು. ಹೇಳಿಬಿಡಲೇ ಎಂದುಕೊಂಡ. ಹೆಂಡತಿಯ ಮುಖ ನೆನಪಾಯಿತು. ಮಧ್ಯಾಹ್ನ ಹೇಳಣ ಎಂದುಕೊಂಡ. ಮಧ್ಯಾಹ್ನ, ಸಂಜೆ ಎಂದುಕೊಂಡ. ಹೀಗೆ ಶುಕ್ರವಾರ ಮುಗಿದೇ ಹೋಯಿತು.

ಶನಿವಾರ ಬೆಳಗ್ಗೆ ಕನಕರಾಜ ಬಂದವನೇ ಹುಳ ನೋಡಿ, ಯಾರ ಮಾತೂ ಕೇಳದೆ ರೇಷ್ಮೆ ಇಲಾಖೆಯ ಶೈಲಜಾ ಮೇಡಂಗೆ ಫೋನ್ ಮಾಡಿದ. ಆಕೆ ಸ್ಕೂಟಿಯಲ್ಲಿ ಬಂದು, ಆದಿಲಕ್ಷ್ಮಮ್ಮ ಹೇಳುವ ಮೊದಲೇ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋದಳು. ಒಂದೊಂದು ಸ್ಟ್ಯಾಂಡಿನ ಹುಳವನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ನಂಬರು ಬರೆದಳು. ಮುಖ ಗಂಭೀರವಾಯಿತು.

"ಗಂಟು ರೋಗ ಇದ್ದಂಗಿದೆ ಅಮ್ಮ. ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು."

"ಯಾವ ದರ್ಶಕನೂ ಬೇಡ. ದೃಷ್ಟಿ ಇದು."

"ನೀವೇ ಬಂದು ನೋಡಿ. ನಿಮ್ಮ ಕಣ್ಣಲ್ಲೇ."

ಆ ಮಾತಿಗೆ ಆದಿಲಕ್ಷ್ಮಮ್ಮ ಸೀರೆ ಬದಲಾಯಿಸಿಕೊಂಡು ಹೊರಟಳು. ಹೊರಡುತ್ತ "ನೀವೂ ಬನ್ರೀ" ಎಂದಳು. ಕೋನಪ್ಪ ಗಲ್ಲಿಗೆ ಹೋಗುವವನ ಹಾಗೆ ಹಿಂದೆ ಹಿಂದೆ ನಡೆದ.

ಶಿಡ್ಲಘಟ್ಟದಲ್ಲಿ ಇಲಾಖೆಯ ಪರೀಕ್ಷೆ ಕೋಣೆಯಲ್ಲಿ ಆವತ್ತು ಇನ್ನೂ ನಾಲ್ಕೈದು ರೈತರು ಕವರು ಹಿಡಿದು ಕೂತಿದ್ದರು. ಶೈಲಜಾ ಮೂರನೇ ನಂಬರಿನ ಹುಳವನ್ನು ಪುಟ್ಟ ಒರಳಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಕರೆದಳು. ಆದಿಲಕ್ಷ್ಮಮ್ಮ ಒಂದು ಕಣ್ಣು ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು.

"ಅಯ್ಯೋ, ಏನಮ್ಮ ಇದು! ಮೊಟ್ಟೆ ಆಕಾರ, ಮಿಣಮಿಣ ಅಂತವೆ. ನಡುಗ್ತಾ ಅವೆ."

"ಅವೇ ರೋಗದ ಬೀಜಗಳು. ಇವಕ್ಕೆ ಕಾಲಿಲ್ಲ, ಬಾಯಿಲ್ಲ. ಒಳಗೊಂದು ಸಣ್ಣ ನಳಿಗೆ ಸುರುಳಿ ಸುತ್ಕೊಂಡಿರ್ತದೆ. ಸೊಪ್ಪಿನ ಜೊತೆ ಹುಳದ ಹೊಟ್ಟೆಗೆ ಹೋದ ಕೂಡ್ಲೆ ಆ ನಳಿಗೆ ಚಿಮ್ಮಿಸಿ ಹುಳದ ಜೀವಕೋಶಕ್ಕೆ ಚುಚ್ತವೆ. ಅದ್ರ ಮೂಲಕ ಒಳಕ್ಕೆ ಇಳೀತವೆ. ಆಮೇಲೆ ತಮಗೆ ಬೇಕಾದ ಶಕ್ತಿ ತಾವು ಮಾಡ್ಕೊಳಲ್ಲ. ಹುಳ ತಿಂದು ದುಡಿದು ಮಾಡಿಟ್ಟಿದ್ದನ್ನ ಕೂತಲ್ಲೇ ತಿಂದು ವಂಶ ಬೆಳಸ್ತವೆ."

ಆದಿಲಕ್ಷ್ಮಮ್ಮ ತಲೆಯೆತ್ತಿ ಗಂಡನನ್ನು ಒಮ್ಮೆ ನೋಡಿದಳು. "ಗೊತ್ತು ಬಿಡಮ್ಮ. ನಮ್ಮನೇಲೂ ಒಂದೈತೆ."

ಕೂತಿದ್ದ ರೈತರೆಲ್ಲ ನಕ್ಕರು. ಕೋನಪ್ಪನೂ ನಕ್ಕ. ನಗದೆ ಇದ್ದರೆ ಅನುಮಾನ ಬರುತ್ತದೆಂದು ನಕ್ಕ.

ಒಂದು, ಎರಡು, ನಾಲ್ಕು, ಐದು, ಎಲ್ಲ ಶುದ್ಧ. ರೋಗ ಮೂರನೆಯದರಲ್ಲಿ ಮಾತ್ರ. ಶೈಲಜಾ ಚಾಕಿ ಕೇಂದ್ರಕ್ಕೆ, ಎಂದರೆ ಮರಿಹುಳ ಕೊಟ್ಟ ಜಾಗಕ್ಕೆ, ಫೋನ್ ಮಾಡಿ ವಿಚಾರಿಸಿದಳು. ಅದೇ ದಿನ ಮರಿ ಒಯ್ದ ಉಳಿದವರ ಹುಳ ಚೆನ್ನಾಗಿದ್ದವು.

"ಈ ರೋಗ ಬರೋದಕ್ಕೆ ಎರಡು ದಾರಿ ಅಮ್ಮ. ತಾಯಿ ಚಿಟ್ಟೆಗೆ ಇದ್ರೆ ಮೊಟ್ಟೆ ಮೂಲಕ ಮರಿಗೆ ಬರ್ತದೆ. ಇಲ್ಲ ರೋಗದ ಹುಳದ ಹಿಕ್ಕೆ ಬಿದ್ದ ಸೊಪ್ಪು ಬೇರೆ ಹುಳ ತಿಂದ್ರೆ ಬರ್ತದೆ. ಬೇರೆಯವರ ಹುಳ ಏನಾದ್ರೂ ತಂದು ಸೇರಿಸಿದ್ರಾ?"

"ನನ್ನ ಹುಳಮನೇಗಾ!" ಆದಿಲಕ್ಷ್ಮಮ್ಮ ಎದ್ದೇ ನಿಂತಳು. "ಮೇಡಂ, ನನ್ನ ಹುಳಮನೆಗೆ ಇರುವೆ ಬರ್ಬೇಕಾದ್ರೂ ಕಾಲು ತೊಳ್ಕೊಂಡು ಬರ್ತದೆ!"

"ಹಾಗಾದ್ರೆ ಕಷ್ಟ. ಎಲ್ಲಿಂದ, ಯಾವತ್ತು, ಎಷ್ಟು ಬಂತು ಅಂತ ಗೊತ್ತಾದ್ರೆ ಆ ಸ್ಟ್ಯಾಂಡ್ ಒಂದನ್ನೇ ತೆಗೆದು ಸುಟ್ಟು, ಉಳಿದಿದ್ದು ದಿನಾ ಪರೀಕ್ಷೆ ಮಾಡ್ತಾ ಕಾಪಾಡ್ಬೋದು. ಗೊತ್ತಾಗದಿದ್ರೆ ಐದನ್ನೂ ಸುಡೋದೇ ಕ್ಷೇಮ."

ಆದಿಲಕ್ಷ್ಮಮ್ಮ ಸ್ಟ್ಯಾಂಡುಗಳನ್ನು ಬೆರಳಲ್ಲಿ ಎಣಿಸಿದಳು. "ಬಾಗಿಲಲ್ಲಿ ನಿಂತ್ರೆ ಕಾಣೋದು ಮೊದಲ್ನೇ ಸ್ಟ್ಯಾಂಡು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಕಣ್ಣು ಬಿದ್ದಿದ್ರೆ ಅದಕ್ಕೆ ಬೀಳ್ಬೇಕಿತ್ತು. ಮೂರನೇದು ಕಾಣೋದೇ ಇಲ್ಲ." ಬೀಗಿತಿಯ ಮೇಲಿನ ಅಪವಾದ ತಾನಾಗಿ ಹೋಯಿತು, ಬದುಕಿದೆ ಎಂದುಕೊಂಡ ಕೋನಪ್ಪ. ಅಷ್ಟರಲ್ಲಿ ಅವಳ ಮುಖ ಬಿಗಿಯಿತು. "ಮಂಗಳವಾರ ಸಂಜೆ ಮೂರನೇದಕ್ಕೆ ಸೊಪ್ಪು ಹಾಕಿದ್ದು ಗೌತಮಿ. ಬೇಡ ಅಂದ್ರೂ ಬಂದ್ಲು. ಅವ್ರಮ್ಮ ತಂದ ಬುಟ್ಟಿ ಮುಟ್ಟಿದ ಕೈಲೇ ಬಂದು ಹಾಕವ್ಳೆ. ಇವತ್ತೇ ಚಿಂತಾಮಣಿಗೆ ಕಳಿಸ್ತೀನಿ. ಮಗು ಆದ್ಮೇಲೂ ಬರೋದು ಬೇಡ."

ಕೋನಪ್ಪನ ಕಣ್ಣ ಮುಂದೆ ಊದಿದ ಕಣ್ಣು ಬಂತು. ಕುಡೀರಿ ಮಾವಾ ಎಂದ ದನಿ ಬಂತು. ಸುಮ್ಮನಿದ್ದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ, ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಕಾಲು ತಾನಾಗಿ ಎದ್ದು ನಿಂತಿತು.

"ನಾನು ಕಣೇ," ಎಂದ.

"ಏನು ನೀವು?"

"ಗಂಗುಲಪ್ಪನ ಮನೆ ಹುಳ. ಎರಡು ತಟ್ಟೆ. ನೀನು ಗೌರಿಬಿದನೂರಿಗೆ ಹೋದಾಗ ತಂದು ಹಾಕ್ದೆ. ಮೂರನೇ ಸ್ಟ್ಯಾಂಡು, ಕೆಳಗಿನ ಅಂತಸ್ತು. ನಮ್ಮವು... ನಮ್ಮವು ಸತ್ತೋದ್ವು. ಸೊಳ್ಳೆ ಬತ್ತಿ ಹಚ್ಚಿದ್ದೆ."

ಪರೀಕ್ಷೆ ಕೋಣೆಯಲ್ಲಿ ಸೊಳ್ಳೆ ಬತ್ತಿ ಎಂಬ ಮಾತು ಕೇಳಿ ಕೂತಿದ್ದ ರೈತರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು. ಒಬ್ಬ ಮುದುಕ ಬಾಯಿ ಮೇಲೆ ಕೈ ಇಟ್ಟುಕೊಂಡ. ಶೈಲಜಾ ಮಾತ್ರ ಪೆನ್ನು ತೆಗೆದು "ಯಾವತ್ತು? ಗಂಗುಲಪ್ಪ ಯಾವೂರು?" ಎಂದು ಬರೆದುಕೊಂಡಳು.

ಆದಿಲಕ್ಷ್ಮಮ್ಮ ಹೊರಗೆ ಹೋಗಿ ಊರಿಗೆ ಆಟೋ ಹಿಡಿದಳು. ಅರ್ಧ ದಾರಿಯಲ್ಲಿ, "ಎಷ್ಟು ಕಚ್ಚಿದ್ವು?" ಎಂದಳು.

"ಏನು?"

"ಸೊಳ್ಳೆ."

"ನಾಲ್ಕೈದು."

"ನಾಲ್ಕೈದು ಸೊಳ್ಳೆಗೋಸ್ಕರ ಆ ತಾಯೀನ ನನ್ನ ಬಾಯಲ್ಲಿ ಅನ್ನಿಸಿಬಿಟ್ರಲ್ರೀ." ಆದಿಲಕ್ಷ್ಮಮ್ಮ ಅಳತೊಡಗಿದಳು. "ಘಾಟಿಲ್ಲ ಅಂದಾಗ್ಲಾದ್ರೂ ಹೇಳ್ಬಾರ್ದಾ? ಪಕ್ಕದಲ್ಲೇ ನಿಂತಿದ್ರಲ್ಲ, ಕಂಬದಂಗೆ!" ಕೋನಪ್ಪ ಅವಳ ಬೈಗುಳಕ್ಕೆ ಮೂವತ್ತು ವರ್ಷದಿಂದ ಮೈ ಒಗ್ಗಿಸಿಕೊಂಡಿದ್ದ. ಅಳು ನೋಡಿ ಮಾತ್ರ ಅವನಿಗೆ ಎಲ್ಲಾದರೂ ಹೋಗಿ ಹೂತುಕೊಳ್ಳೋಣ ಅನ್ನಿಸಿತು.

ಆವತ್ತು ಮಧ್ಯಾಹ್ನವೇ ಮೂರನೇ ಸ್ಟ್ಯಾಂಡಿನ ಹುಳವನ್ನೆಲ್ಲ ಊರಾಚೆ ಸುಟ್ಟರು. ನೆಲ ಗೋಡೆಯೆಲ್ಲ ಬ್ಲೀಚಿಂಗ್ ಹೊಡೆದರು. ಗಂಗುಲಪ್ಪನ ಮನೆಗೂ ಇಲಾಖೆಯವರು ಹೋದರು. ಅವನ ಬಂಗಾರವೂ ಪೂರ್ತಿ ಸುಡಬೇಕಾಯಿತು. ಮರುದಿನ ಬೆಳಗ್ಗೆ ಆದಿಲಕ್ಷ್ಮಮ್ಮ ಕುಂಕುಮ, ಹೂವು, ಎಲೆಯಡಿಕೆ ಇಟ್ಟುಕೊಂಡು ಹೊರಟಳು. ಹುಳುಮನೆಯನ್ನು ಮಗನಿಗೆ ಒಪ್ಪಿಸಿ, ಸೊಳ್ಳೆ ಬತ್ತಿಯ ಡಬ್ಬಿ ಮತ್ತೆ ಯಾರ ಕೈಗೂ ಸಿಗದಿರಲೆಂದು ಸೆರಗಿಗೆ ಕಟ್ಟಿಕೊಂಡು ಚಿಂತಾಮಣಿ ಬಸ್ಸಿಗೆ ನಿಂತಳು.

"ನಾನೊಬ್ನೇ ಹೋಗಿ ಹೇಳಿ ಬರ್ತೀನಿ ಕಣೇ," ಎಂದ ಕೋನಪ್ಪ.

"ತಪ್ಪು ನಿಮ್ದು. ಮಾತಾಡಿದ್ದು ನನ್ನ ಬಾಯಿ. ಇಬ್ರೂ ಹೋಗಣ."

ವರಲಕ್ಷ್ಮಮ್ಮ ಬಾಗಿಲು ತೆಗೆದವಳು ನೆಲ ನೋಡುತ್ತ ನಿಂತಳು. ಬನ್ನಿ ಎಂದಳು, ಚಾಪೆ ಹಾಸಿದಳು, ನೀರು ತಂದಿಟ್ಟಳು, ಒಂದು ಸಲವೂ ಕಣ್ಣೆತ್ತಲಿಲ್ಲ. ಕೋನಪ್ಪ ಚಾಪೆಯ ಮೇಲೆ ಕೂರದೆ ನಿಂತೇ ಎಲ್ಲ ಹೇಳಿದ. ಚಾಪೆ ಹಾಸಿ ಮಲಗಿದ್ದು, ಬತ್ತಿ, ತಿಪ್ಪೆ, ಗಂಗುಲಪ್ಪ, ಕೆಮ್ಮದೆ ನಿಂತಿದ್ದು, ಯಾವುದನ್ನೂ ಬಿಡಲಿಲ್ಲ.

ವರಲಕ್ಷ್ಮಮ್ಮ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟಳು. "ನಿಜವಾ ಅಣ್ಣಯ್ಯ? ನನ್ನ ಕಣ್ಣಲ್ವಾ?"

"ಅಲ್ಲ ತಾಯಿ. ದೇವ್ರಾಣೆ ಅಲ್ಲ."

"ನಾನು ನಿಜ ಅಂದ್ಕೊಂಡೆ. ನನ್ನ ಕಣ್ಣು ಅಷ್ಟು ಕೆಟ್ಟದ್ದು ಅಂದ್ಕೊಂಡೆ. ಗೌತಮೀಗೆ ಮಗು ಆದ್ರೂ ನೋಡಕ್ಕೆ ಹೋಗ್ಬಾರ್ದು, ನೋಡಿದ್ರೆ ಕಣ್ಣು ಮುಚ್ಕೊಂಡು ಎತ್ಕೋಬೇಕು ಅಂತ ದೇವ್ರ ಮುಂದೆ ಹೇಳ್ಕೊಂಡಿದ್ದೆ."

ಆದಿಲಕ್ಷ್ಮಮ್ಮ ಎದ್ದು ಹೋಗಿ ಅವಳ ಪಕ್ಕ ಕೂತು ಎರಡೂ ಕೈ ಹಿಡಿದುಕೊಂಡಳು. "ವದಿನಾ," ಎಂದಳು. ಕೋನಪ್ಪ ತನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಪಟ್ಟವನಲ್ಲ.

ಶುಕ್ರವಾರ ಬಳೆ ಶಾಸ್ತ್ರ. ಗೌತಮಿಗೆ ಮೊದಲ ಹಸಿರು ಬಳೆ ತೊಡಿಸಿದವಳು ವರಲಕ್ಷ್ಮಮ್ಮ. ಆಮೇಲೆ ಆದಿಲಕ್ಷ್ಮಮ್ಮ ಬೀಗಿತಿಯ ಕೈ ಹಿಡಿದು ಹುಳುಮನೆಗೆ ಕರೆದೊಯ್ದಳು. ಊರ ಹೆಂಗಸರೂ ಕಾಲು ಅದ್ದಿ ಕೈ ತೊಳೆದು ಸಾಲಾಗಿ ಒಳಗೆ ಹೋದರು. ಉಳಿದ ನಾಲ್ಕು ಸ್ಟ್ಯಾಂಡಿನ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಏರಿದ್ದವು. ಬಿದಿರಿನ ಸುರುಳಿ ಸುರುಳಿಯಲ್ಲಿ ಒಂದೊಂದೂ ಕೂತು ತಲೆ ಆಡಿಸುತ್ತ ನೂಲು ಸುತ್ತುತ್ತಿತ್ತು. ವರಲಕ್ಷ್ಮಮ್ಮ ಮೊದಲು ನೆಲ ನೋಡಿದಳು.

"ನೋಡಿ ವದಿನಾ. ಕಣ್ತುಂಬ ನೋಡಿ," ಎಂದಳು ಆದಿಲಕ್ಷ್ಮಮ್ಮ.

ಆಕೆ ನೋಡಿದಳು. ತುಂಬ ಹೊತ್ತು ನೋಡಿದಳು. ಯಾವುದಕ್ಕೂ ಇರಲಿ ಎಂದು ಪಕ್ಕಕ್ಕೆ ತಿರುಗಿ ಥೂ ಥೂ ಎಂದುಬಿಟ್ಟಳು. ಹೆಂಗಸರೆಲ್ಲ ನಕ್ಕರು.

ಸುಣ್ಣದ ಗೆರೆಯ ಆಚೆ ಕೋನಪ್ಪ ಒಬ್ಬನೇ ನಿಂತಿದ್ದ. ಗೆರೆಯನ್ನು ಅವನಿಗೆಂದೇ ಒಂದು ಮಾರು ಮುಂದಕ್ಕೆ ಎಳೆಯಲಾಗಿತ್ತು. ಗುಂಪಿನಲ್ಲಿದ್ದ ಒಬ್ಬಳು, "ಅದ್ಯಾಕೆ ಅಕ್ಕ, ನಿಮ್ಮೋರು ಹೊರಗೇ ನಿಂತವ್ರೆ?" ಎಂದು ಕೇಳಿದಳು.

ಆದಿಲಕ್ಷ್ಮಮ್ಮ ಬಾಯಿ ತೆರೆದಳು. ಕೋನಪ್ಪ ಕಣ್ಣು ಮುಚ್ಚಿಕೊಂಡ. ಊರೆಲ್ಲ ಇದೆ, ಹೇಳಿಯೇಬಿಡುತ್ತಾಳೆ. ಆದರೆ ಅವಳಿಗಿಂತ ಮುಂಚೆ ಮಾತಾಡಿದ್ದು ವರಲಕ್ಷ್ಮಮ್ಮ.

"ಪಾಪ, ಅಣ್ಣಯ್ಯಂಗೆ ಒಳಗಡೆ ಸೊಳ್ಳೆ ಕಚ್ತವಂತೆ."

ಬೀಗಿತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬಳೆ ತುಂಬಿದ ಕೈಯನ್ನು ಬಾಯಿಗೆ ಅಡ್ಡ ಇಟ್ಟು ಗೌತಮಿಯೂ ನಕ್ಕಳು. ಉಳಿದವರಿಗೆ ಏನೂ ಅರ್ಥವಾಗಲಿಲ್ಲ. ಹೊರಗೂ ಸೊಳ್ಳೆಗಳಿದ್ದವು, ಕೋನಪ್ಪನ ಮೊಣಕಾಲಿನ ಮೇಲೆ ಎರಡು ಕೂತಿದ್ದವು. ಅವನು ಅವನ್ನು ಓಡಿಸಲಿಲ್ಲ.